ಗಾಳ ಹಾಕಲು ಅನುಮತಿ ಇರುವ ಜಾಗ

ಕೊರೊನಾ ಕಳೆದ ಮೇಲಿನ ಎರಡನೆಯ ಮಳೆಗಾಲ. ಆಗ ನಾನು ಮುಂಬಯಿ ಉಪನಗರದಲ್ಲಿ ಮೀನುಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ನಾನು ಹುಟ್ಟಿ ಬೆಳೆದದ್ದು ಚೆಂಬೂರಿನಲ್ಲಿ. ಅಪ್ಪ ಮಂಡ್ಯದ ಕಡೆಯಿಂದ ರಿಫೈನರಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಕಚೇರಿಯಲ್ಲಿ ಮರಾಠಿ, ರಸ್ತೆಯಲ್ಲಿ ಹಿಂದಿ, ಮನೆಯಲ್ಲಿ ಮಾತ್ರ ಕನ್ನಡ. ಇಷ್ಟು ವರ್ಷಗಳ ನೌಕರಿಯಲ್ಲಿ ಕನ್ನಡದಿಂದ ಕೆಲಸವಾದದ್ದು ಇದೊಂದೇ ಪ್ರಕರಣದಲ್ಲಿ.

ನಮ್ಮ ಇಲಾಖೆಯ ವ್ಯವಹಾರವೆಲ್ಲ ಹೊಟ್ಟೆಪಾಡಿಗೆ ಮೀನು ಹಿಡಿಯುವವರೊಂದಿಗೆ. ಬೋಟುಗಳ ನೋಂದಣಿ, ಡೀಸೆಲ್ ರಿಯಾಯಿತಿ, ಬಲೆಯ ಕಣ್ಣಿನ ಅಳತೆ, ಮಳೆಗಾಲದ ಮೀನುಗಾರಿಕೆ ನಿಷೇಧ. ರಜೆಯ ದಿನ ಒಂದು ಗಾಳದ ರಾಡ್ ಹಿಡಿದು ನೀರಿನ ಪಕ್ಕ ಕೂರುವ ಹವ್ಯಾಸಿಗಳು ಯಾವ ಇಲಾಖೆಗೂ ಸೇರಿದವರಲ್ಲ. ಆ ವರ್ಷ ಅವರ ಕಡತ ನನ್ನ ಮೇಜಿಗೆ ಬಂತು. ಕಾರಣ ಒಂದು ಸಾವು. ಪಶ್ಚಿಮ ತೀರದ ಬಂಡೆಗಳ ಮೇಲೆ ಗಾಳ ಹಾಕುತ್ತಿದ್ದ ಕಾಲೇಜು ಹುಡುಗನೊಬ್ಬನನ್ನು ಅಲೆ ಎಳೆದುಕೊಂಡು ಹೋಗಿತ್ತು. ಟಿ.ವಿ.ಯಲ್ಲಿ ಗಲಾಟೆಯಾಯಿತು. ಮೇಲಿನಿಂದ ವರದಿ ಕೇಳಿದರು.

ನನ್ನ ಮೇಲಧಿಕಾರಿ ಕೆಟ್ಟವರಲ್ಲ, ಆದರೆ ಎಚ್ಚರಿಕೆಯ ಮನುಷ್ಯ. “ಮೇಡಂ, ಇಡೀ ತೀರದಲ್ಲಿ ಹವ್ಯಾಸಿ ಮೀನುಗಾರಿಕೆ ನಿಷೇಧ ಅಂತ ಬರೆದುಬಿಡಿ. ನಾಳೆ ಇನ್ನೊಬ್ಬ ಸತ್ತರೆ ನಮ್ಮ ಮೇಲೆ ಬರೋದಿಲ್ಲ,” ಎಂದರು. ಸೋಮವಾರದ ಸಭೆಗೆ ವರದಿ ಸಿದ್ಧವಾಗಬೇಕಿತ್ತು.

ಅದೇ ವಾರ ರೋಶನ್ ಎಂಬವರು ನನ್ನನ್ನು ನೋಡಲು ಬಂದರು. ಅಂಧೇರಿಯಲ್ಲಿ ವಾಸ, ಸಿನಿಮಾಗಳಿಗೆ ಧ್ವನಿಮುದ್ರಣ ಮಾಡುವ ಕೆಲಸ, ಮೂಲ ಮಂಗಳೂರು. ಹವ್ಯಾಸಿಗಳ ಸಣ್ಣ ಗುಂಪೊಂದರ ಪರವಾಗಿ ಬಂದಿದ್ದರು. ನನ್ನ ಹೆಸರಿನ ಫಲಕ ನೋಡಿ ಕನ್ನಡದಲ್ಲೇ ಮಾತಿಗಿಳಿದರು.

“ಎಂತ ಮೇಡಂ, ನಾವು ಕದ್ದು ಮುಚ್ಚಿ ಮೀನು ಹಿಡಿಲಿಕ್ಕೆ ಇಷ್ಟಪಡುವವರಲ್ಲ. ಅನುಮತಿ ಇರುವ ಜಾಗ ಎಲ್ಲುಂಟು ಅಂತ ಹೇಳಿ, ಅಲ್ಲಿಗೇ ಹೋಗ್ತೇವೆ.”

ಸರಳ ಪ್ರಶ್ನೆ. ಉತ್ತರ ಹುಡುಕುತ್ತ ಹೋದಾಗ ನನಗೇ ದಿಗಿಲಾಯಿತು. ಕುಡಿಯುವ ನೀರಿನ ಕೆರೆಗಳು ಪಾಲಿಕೆಯವು, ಅಲ್ಲಿ ಕಾಲಿಡುವಂತಿಲ್ಲ. ಖಾರಿಯ, ಅಂದರೆ ಸಮುದ್ರ ಒಳನುಗ್ಗಿದ ಕವಲಿನ, ದಂಡೆಯಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡು ಅರಣ್ಯ ಇಲಾಖೆಯದು. ಬಂದರಿನ ಧಕ್ಕೆಗಳಲ್ಲಿ ಭದ್ರತೆಯ ಕಾರಣ. ಸೇತುವೆಗಳ ಮೇಲೆ ಸಂಚಾರ ಪೊಲೀಸರು. ಇನ್ನೊಂದು ದೊಡ್ಡ ಕೆರೆಯಲ್ಲಿ ಸದಸ್ಯತ್ವ ಇದ್ದವರಿಗೆ ಮಾತ್ರ. ಎಲ್ಲರಿಗೂ ಫೋನ್ ಮಾಡಿದೆ. ನಮ್ಮಲ್ಲಿ ಬೇಡ ಎಂದು ಎಲ್ಲರೂ ಹೇಳಿದರು. ಸುತ್ತ ನೀರೇ ಇರುವ ಈ ಊರಿನಲ್ಲಿ ಕಾನೂನುಬದ್ಧವಾಗಿ ಒಂದು ಗಾಳ ಇಳಿಸಲು ಸಾಮಾನ್ಯ ಮನುಷ್ಯನಿಗೆ ಜಾಗವೇ ಇರಲಿಲ್ಲ.

ಮಢ್ ಕಡೆ ಒಂದು ಹಳೆಯ ಜೆಟ್ಟಿ ಇದೆ ಎಂದು ರೋಶನ್ ಹೇಳಿದರು. ಬೋಟು ಕಟ್ಟಲು ನೀರಿನೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ; ಈಗ ಬಳಕೆಯಲ್ಲಿಲ್ಲ. ಖಾರಿಯ ಒಳಮಗ್ಗುಲಿಗಿದ್ದುದರಿಂದ ಅಲ್ಲಿ ಅಲೆಗಳ ಹೊಡೆತವಿಲ್ಲ. ವರದಿ ಬರೆಯುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಭಾನುವಾರ ಮಧ್ಯಾಹ್ನ ಇಲಾಖೆಯ ಜೀಪಿನಲ್ಲಿ ಹೊರಟೆವು. ಡ್ರೈವರ್ ಶಿಂದೆ, ನಾನು, ರೋಶನ್. ಆಳ ಅಳೆಯಲೆಂದು ರೋಶನ್ ತಮ್ಮ ಉದ್ದನೆಯ ಸರ್ಫ್ ರಾಡ್ ತಂದಿದ್ದರು. ದಡದಲ್ಲಿ ನಿಂತೇ ದೂರಕ್ಕೆ ಗಾಳ ಬೀಸಲು ಬಳಸುವ ರಾಡ್ ಅದು.

ಗಣಪತಿ ವಿಸರ್ಜನೆ ಮುಗಿದು ಕೆಲವು ದಿನಗಳಾಗಿದ್ದವು. ಮಳೆ ಬಿಟ್ಟಿತ್ತು, ಆದರೆ ಸಮುದ್ರದ ಅಬ್ಬರ ಇಳಿದಿರಲಿಲ್ಲ. ಜೆಟ್ಟಿ ನೋಡಿದೆವು; ಕಟ್ಟೆ ಗಟ್ಟಿಯಾಗಿತ್ತು. ವಾಪಸು ಹೊರಡುವಾಗ ತಿರುವಿನ ಆಚೆಯಿಂದ, ತೆರೆದ ಸಮುದ್ರದ ಕಡೆಯಿಂದ, ಹೆಂಗಸೊಬ್ಬಳ ಕೂಗು ಕೇಳಿತು.

“ಯವ್ವಾ... ಯಾರರ ಬರ್ರೀ...”

ಆ ಕೂಗು ಕನ್ನಡದ್ದು ಎಂಬುದು ಅರಿವಾಗಲು ಒಂದು ಕ್ಷಣ ಬೇಕಾಯಿತು. ಓಡಿದೆವು.

ದಡದಿಂದ ಮೂವತ್ತು ಮೀಟರಿನಷ್ಟು ದೂರದ ಒಂದು ಬಂಡೆಯ ಮೇಲೆ ಗಂಡ ಹೆಂಡತಿ ನಿಂತಿದ್ದರು. ಇಳಿತದ ಹೊತ್ತಿನಲ್ಲಿ ಆ ಬಂಡೆಗೆ ನಡೆದೇ ಹೋಗಬಹುದು. ಭರತ ಏರಿದಾಗ ನಡುವಿನ ತಗ್ಗಿಗೆ ನೀರು ನುಗ್ಗುತ್ತದೆ. ಇವರು ಸಮುದ್ರಕ್ಕೆ ಮುಖ ಮಾಡಿ ಕುಳಿತವರು ಬೆನ್ನ ಹಿಂದೆ ದಾರಿ ಮುಚ್ಚಿದ್ದನ್ನು ನೋಡಿರಲಿಲ್ಲ. ಈಗ ಅಲೆಗಳು ಬಂಡೆಯನ್ನು ಹತ್ತಿ ಅವರ ಮೊಣಕಾಲಿಗೆ ಬಡಿಯುತ್ತಿದ್ದವು. ನನಗೆ ಭರತದ ವೇಳೆ ಗೊತ್ತಿತ್ತು. ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತು ನೀರು ಏರುತ್ತಲೇ ಇರುತ್ತದೆ. ಅಷ್ಟರೊಳಗೆ ಆ ಬಂಡೆ ಪೂರ್ತಿ ಮುಳುಗುತ್ತದೆ.

ಶಿಂದೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರು. ದಳದವರು ಹೊರಟಿದ್ದೇವೆ ಎಂದರು, ಆದರೆ ಭಾನುವಾರದ ಸಂಜೆ ಮಲಾಡಿನ ಟ್ರಾಫಿಕ್ ದಾಟಿ ಬರಬೇಕು. ಪಕ್ಕದ ಕೋಳಿವಾಡದ, ಎಂದರೆ ಮೀನುಗಾರರ ಕೇರಿಯ, ನಾಲ್ಕಾರು ಗಂಡಸರು ಓಡಿ ಬಂದರು. ಬೋಟು ತರಬಹುದೇ ಎಂದೆ. ಅಲೆ ಬೋಟನ್ನೇ ಬಂಡೆಗೆ ಅಪ್ಪಳಿಸಿ ಚೂರು ಮಾಡುತ್ತದೆ ಎಂದರು. ಅವರಲ್ಲೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನೀರು ಅವನನ್ನು ತಿರುಗಿಸಿ ದಡದ ಕಲ್ಲಿಗೆ ಎಸೆಯಿತು. ಭುಜದಿಂದ ರಕ್ತ ಸುರಿಯುತ್ತಿತ್ತು. ಎರಡನೆಯ ಬಾರಿ ಇಳಿಯಲು ನಾನು ಬಿಡಲಿಲ್ಲ.

ಆಗ ರೋಶನ್ ಕೈಯಲ್ಲಿದ್ದ ರಾಡನ್ನು ನೋಡಿಕೊಂಡರು. “ಮೇಡಂ, ಹಗ್ಗ ಅಷ್ಟು ದೂರ ಎಸೆಯಲಿಕ್ಕೆ ಆಗುದಿಲ್ಲ. ಗಾಳದ ದಾರ ಹೋಗ್ತದೆ.”

ಕೊಕ್ಕೆಯನ್ನು ಕತ್ತರಿಸಿ ತೆಗೆದರು. ದಾರದ ತುದಿಯಲ್ಲಿ ಸೀಸದ ಗುಂಡು ಮಾತ್ರ ಉಳಿಯಿತು. ಉಪಾಯ ಇಷ್ಟೇ: ಗುಂಡನ್ನು ಬಂಡೆಯ ಆಚೆಗೆ ಬೀಸಬೇಕು, ದಾರ ಅವರ ಮೇಲೆ ಬೀಳಬೇಕು, ಆ ದಾರಕ್ಕೆ ನೈಲಾನ್ ಹುರಿ, ಹುರಿಗೆ ಬೋಟಿನ ಹಗ್ಗ ಕಟ್ಟಿ ಕಳಿಸಬೇಕು. ಕೋಳಿವಾಡದವರು ಹಗ್ಗಕ್ಕೂ ಲೈಫ್‌ಬಾಯ್‌ಗೂ ಓಡಿದರು. ನೀರಿನಲ್ಲಿ ತೇಲಿಸುವ, ಚಕ್ರದಂಥ ಬಳೆ ಅದು.

ಮೊದಲ ಬೀಸನ್ನು ಗಾಳಿ ಎಡಕ್ಕೆ ಹೊತ್ತುಕೊಂಡು ಹೋಯಿತು. ಎರಡನೆಯದು ಬಂಡೆಗೆ ತಾಗಿ ಜಾರಿತು. ರೋಶನ್ ಮತ್ತೆ ದಾರ ಸುತ್ತಿಕೊಂಡರು. ಬಂಡೆಯ ಮೇಲೆ ಆ ಹೆಂಗಸು ಒಮ್ಮೆ ಜಾರಿ ಬಿದ್ದಳು, ಗಂಡ ತೋಳು ಹಿಡಿದು ಎತ್ತಿದ. ಮೂರನೆಯ ಸಲ ಗುಂಡು ಅವರ ತಲೆಯ ಮೇಲಿಂದ ಹಾದು ಆಚೆ ಬಿತ್ತು. ದಾರ ಅವನ ಭುಜಕ್ಕೆ ತಗುಲಿತು. ಅವನು ಹಿಡಿದ. ಹಿಡಿದವನೇ ಕೈಗೆ ಸುತ್ತಿಕೊಳ್ಳತೊಡಗಿದ.

ಆ ದಾರ ಕೂದಲಿನಷ್ಟು ಸಣ್ಣದು, ಎಳೆತ ಬಿದ್ದರೆ ಬೆರಳನ್ನೇ ಕತ್ತರಿಸುತ್ತದೆ. ಕೋಳಿವಾಡದವರು ಮರಾಠಿಯಲ್ಲಿ, ಶಿಂದೆ ಹಿಂದಿಯಲ್ಲಿ ಕೂಗಿದರು. ಅವನು ಗಾಬರಿಯಲ್ಲಿ ಇನ್ನಷ್ಟು ಸುತ್ತಿಕೊಂಡ. ನಾನು ಎತ್ತರದ ಕಲ್ಲು ಹತ್ತಿದೆ.

“ಗಾಳಿ ನಮ್ಮ ಕಡೆಗುಂಟು ಮೇಡಂ, ಉದ್ದ ಹೇಳಿದರೆ ಮುಟ್ಟುದಿಲ್ಲ,” ಎಂದು ರೋಶನ್ ಕೆಳಗಿನಿಂದ ಹೇಳಿದರು. “ಎರಡೇ ಶಬ್ದ. ಅಲೆ ಒಡೆದ ಮೇಲೆ ಕೂಗಿ.”

ಅಲೆ ಒಡೆಯುವವರೆಗೆ ಕಾದು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. “ಸುತ್ತಬೇಡ! ಬಿಚ್ಚು!”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಮಾತು ಮುಟ್ಟಿತ್ತು. ದಾರ ಬಿಚ್ಚಿದ. “ಟವಲ್! ಟವಲಲ್ಲಿ ಹಿಡಿ!” ಎಂದೆ. ಹೆಗಲ ಮೇಲಿದ್ದ ಟವಲನ್ನು ಅಂಗೈಗೆ ಹಾಕಿಕೊಂಡು ಎಳೆಯತೊಡಗಿದ. ದಾರದ ಹಿಂದೆ ಹುರಿ ಹೋಯಿತು. ಹುರಿಯ ಹಿಂದೆ ಹಗ್ಗ, ಹಗ್ಗದ ನಡುವಿಗೆ ಕಟ್ಟಿದ ಲೈಫ್‌ಬಾಯ್. ಹಗ್ಗದ ಒಂದು ತುದಿ ಅವನ ಬಳಿ, ಇನ್ನೊಂದು ನಮ್ಮ ಬಳಿ.

ಹೆಂಡತಿ ಬಳೆಯೊಳಗೆ ಇಳಿಯಲು ಒಪ್ಪಲಿಲ್ಲ. ಅವಳ ದನಿ ಗಾಳಿಯಲ್ಲಿ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. “ನಿಮ್ಮನ್ನ ಬಿಟ್ಟು ನಾ ಹೋಗಂಗಿಲ್ರೀ!”

“ಶಾಂತವ್ವಾ, ನನಗ ಈಸು ಬರ್ತದ, ನಿನಗ ಬರಂಗಿಲ್ಲ. ಮೊದಲ ನೀ ಹೋಗು!”

ಹೆಸರು ಸಿಕ್ಕಿತು. ನಾನು ಕೂಗಿದೆ. “ಶಾಂತವ್ವಾ! ಬಾರವ್ವಾ! ಹಿಡ್ಕೋತೀವಿ!”

ಅವಳು ನನ್ನ ಕಡೆ ತಿರುಗಿದಳು. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ದಡದಿಂದ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಅವಳು ಏನೆಂದುಕೊಂಡಳೋ, ಬಳೆಯನ್ನು ತಲೆಯ ಮೇಲಿಂದ ತೋಳಿನ ಕೆಳಗೆ ಇಳಿಸಿಕೊಂಡು ಕಣ್ಣು ಮುಚ್ಚಿ ನೀರಿಗೆ ಜಾರಿದಳು. ನಾವೆಲ್ಲ ಹಗ್ಗ ಎಳೆದೆವು. ಅರ್ಧ ದಾರಿಯಲ್ಲಿ ಒಂದು ಅಲೆ ಅವಳನ್ನು ಮುಚ್ಚಿತು. ಹಗ್ಗ ಬಿಗಿಯಾಗಿ ನಿಂತಿತು. ಬಂಡೆಯ ಮೇಲೆ ಗಂಡ ಬಾಯಿ ತೆರೆದು ನಿಂತಿದ್ದ. ಆಮೇಲೆ ಸೀರೆಯ ಹಸಿರು ಕಾಣಿಸಿತು, ಕೆಮ್ಮು ಕೇಳಿಸಿತು. ಇಬ್ಬರು ಸೊಂಟದ ನೀರಿಗಿಳಿದು ಅವಳನ್ನು ಎತ್ತಿಕೊಂಡರು.

ಗಂಡ ಬಳೆಯನ್ನು ತನ್ನತ್ತ ಎಳೆದುಕೊಂಡ. ಅವನು ನೀರಿಗೆ ಬೀಳುವಷ್ಟರಲ್ಲಿ ಬಂಡೆ ಕಾಣದಾಗಿತ್ತು. ದಡ ಸೇರಿದಾಗ ಮಂಡಿಯಿಂದ ಪಾದದವರೆಗೆ ಚರ್ಮ ಕಿತ್ತುಹೋಗಿತ್ತು, ಆದರೆ ನಡೆಯುತ್ತಿದ್ದ. ಅಗ್ನಿಶಾಮಕ ದಳದವರು ಬಂದಾಗ ಅವರಿಬ್ಬರೂ ಕೋಳಿವಾಡದ ಒಂದು ಮನೆಯಲ್ಲಿ ಚಾದರ ಹೊದ್ದು ಚಹಾ ಕುಡಿಯುತ್ತಿದ್ದರು.

ಅವನ ಹೆಸರು ಮಲ್ಲಪ್ಪ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು, ಭೀಮಾ ನದಿಯ ದಂಡೆಯ ಊರು. ಮುಲುಂಡ್‌ನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲಿ ಅವನಿಗೆ ಕಬ್ಬಿಣ ಬಾಗಿಸುವ ಕೆಲಸ, ಅವಳಿಗೆ ಇಟ್ಟಿಗೆ ಹೊರುವ ಕೆಲಸ. ನಾನು ಸರ್ಕಾರಿ ಅಧಿಕಾರಿ ಎಂದು ಗೊತ್ತಾದ ಕೂಡಲೇ ಎದ್ದು ನಿಂತ.

“ದಂಡ ಹಾಕ್ತೀರೇನ್ರೀ ಅಕ್ಕಾರ?”

ಇಲ್ಲ ಎಂದೆ. ಇಲ್ಲಿಗೇಕೆ ಬಂದಿರಿ, ದಡದಲ್ಲಿರುವ ನಿಷೇಧದ ಬೋರ್ಡ್ ನೋಡಲಿಲ್ಲವೇ ಎಂದು ಕೇಳಿದೆ.

“ನೋಡೀವ್ರಿ. ಮೊದಲ ಗಾಳ ಹಾಕಾಕ ಕೆರಿಗೆ ಹೋಗಿದ್ವಿ, ವಾಚ್‌ಮನ್ ಓಡಿಸಿದ. ಬ್ರಿಜ್ ಮ್ಯಾಲ ನಿಂತ್ವಿ, ಪೊಲೀಸ ಬಂದ. ಎಲ್ಲಿ ಹೋದ್ರೂ ಇಲ್ಲಿ ಬ್ಯಾಡ ಅಂತಾರ್ರಿ. ಇಲ್ಲೊಬ್ಬರೂ ಕಾಯೋರು ಇರಲಿಲ್ಲ, ಅದಕ್ಕ ಕುಂತ್ವಿ. ವಾರಕ್ಕೊಂದ ದಿನ ನೀರಿನ ಕಡೆ ಮಾರಿ ಮಾಡಿ ಕುಂದ್ರಬೇಕು ಅನಸ್ತದ್ರಿ. ಸೈಟಿನ್ಯಾಗ ಬರೇ ಧೂಳ.”

ಶಾಂತವ್ವ ನನ್ನ ಕೈ ಹಿಡಿದುಕೊಂಡಿದ್ದಳು, ಜೀಪು ಹೊರಡುವವರೆಗೂ ಬಿಡಲಿಲ್ಲ.

ಮರುದಿನ ಸಭೆಗೆ ಮೊದಲೇ ಸುದ್ದಿ ಕಚೇರಿಗೆ ಮುಟ್ಟಿತ್ತು. “ಕಂಡಿರಲ್ಲ? ಇದಕ್ಕೇ ನಿಷೇಧ ಬೇಕು ಅನ್ನೋದು,” ಎಂದರು ಸಾಹೇಬರು.

“ಆ ಬಂಡೆಗಳ ಹತ್ತಿರ ನಿಷೇಧದ ಬೋರ್ಡ್ ಈಗಾಗಲೇ ಇದೆ ಸರ್. ಅವರು ಅದರ ಪಕ್ಕದಲ್ಲೇ ಹಾದು ಹೋಗಿದ್ದಾರೆ. ಬೇರೆ ಕಡೆಯೆಲ್ಲ ಓಡಿಸಿದ್ದಕ್ಕೆ ಅಲ್ಲಿಗೆ ಹೋಗಿದ್ದಾರೆ. ಆ ಹಳೆಯ ಜೆಟ್ಟಿಯನ್ನಾದರೂ ತೆರೆಯೋಣ.”

ಆಮೇಲೆ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ನೀವು ಜೆಟ್ಟಿ ತೆರೆಯಿರಿ ಅಂತ ಬರೀತೀರಿ. ಅಲ್ಲಿ ಒಬ್ಬ ಮುಳುಗಿದರೆ? ನಿಮ್ಮ ಮೇಲೆ ವಿಚಾರಣೆ ಕೂರುತ್ತೆ. ಪಿಂಚಣಿ ನಿಲ್ಲುತ್ತೆ. ಗೊತ್ತಲ್ಲ?”

ಗೊತ್ತಿತ್ತು. ಹಿಂದಿನ ರಾತ್ರಿ ಅದನ್ನೇ ಯೋಚಿಸುತ್ತ ನಿದ್ದೆಯಾಗಿರಲಿಲ್ಲ. ಮನೆಯವರು ಕೂಡ, “ಈ ವಯಸ್ಸಲ್ಲಿ ಇದೆಲ್ಲ ನಿನಗ್ಯಾಕೆ?” ಎಂದಿದ್ದರು. ಆದರೂ ವರದಿಗೆ ನಾನೊಬ್ಬಳೇ ಸಹಿ ಹಾಕಿದೆ. ಮೂರು ಜಾಗ ಸೂಚಿಸಿದ್ದೆ. ತಿಂಗಳುಗಟ್ಟಲೆ ಓಡಾಟವಾಯಿತು. ಎರಡನ್ನು ಅರಣ್ಯದವರೂ ಬಂದರಿನವರೂ ತಳ್ಳಿಹಾಕಿದರು. ಕೋಳಿವಾಡದ ಮೀನುಗಾರರ ಸಹಕಾರಿ ಸೊಸೈಟಿಯವರು ಮೊದಲು ಸಿಟ್ಟಾದರು. ಬಲೆ ಹಾಕುವಂತಿಲ್ಲ, ಹಿಡಿದ ಮೀನು ಮಾರುವಂತಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದರು. ಕೊನೆಗೆ ಆ ಹಳೆಯ ಜೆಟ್ಟಿಯೊಂದೇ ಉಳಿಯಿತು. ಮಳೆಗಾಲ ಬಿಟ್ಟು, ಹಗಲಲ್ಲಿ ಮಾತ್ರ, ಪ್ರಾಯೋಗಿಕವಾಗಿ. ಕಬ್ಬಿಣದ ಕಂಬಿ ಹಾಕಿಸಿ, ಆ ದಿನದ ಭರತದ ವೇಳೆ ಬರೆಯುವ ಹಲಗೆಯೊಂದನ್ನು ಇಡಿಸಿದೆವು.

ನಾನು ನಿವೃತ್ತಳಾಗುವವರೆಗೆ ಅಲ್ಲಿ ಅವಘಡವಾಗಲಿಲ್ಲ. ಆದರೆ ಪ್ರತಿ ಭಾನುವಾರ ಫೋನ್ ಬಡಿದುಕೊಂಡರೆ ಜೆಟ್ಟಿಯ ಸುದ್ದಿಯೇ ಇರಬೇಕೆಂದು ಓಡಿ ಹೋಗಿ ಎತ್ತುತ್ತಿದ್ದೆ. ಧೈರ್ಯ ಮಾಡಿ ಬರೆದೆ ಎಂದು ಆಗ ಕೆಲವರು ಹೊಗಳಿದರು. ಬರೆದ ದಿನದ ಭಯಕ್ಕಿಂತ ಬರೆದ ಮೇಲಿನ ಭಯವೇ ದೊಡ್ಡದು ಎಂದು ಅವರಿಗೆ ಹೇಳಲಿಲ್ಲ.

ಕಡತದಲ್ಲಿ ‘ಅನುಮತಿ ಇಲ್ಲ’ ಎಂದು ಬರೆದರೆ ನಮ್ಮ ಮಟ್ಟಿಗೆ ವಿಷಯ ಮುಗಿಯುತ್ತದೆ. ಕೇಳಲು ಬಂದ ಮನುಷ್ಯ ಅಲ್ಲಿಗೆ ನಿಲ್ಲುವುದಿಲ್ಲ. ಅವನು ಕಚೇರಿಯ ಮೆಟ್ಟಿಲಿಳಿದು ಇನ್ನೆಲ್ಲಿಗೋ ಹೋಗುತ್ತಾನೆ. ಅವನು ಹೋಗುವ ಆ ಜಾಗ ಹೇಗಿದೆ ಎಂದು ನೋಡಿ ಬರುವುದೂ ನಮ್ಮ ಕೆಲಸವೇ ಎಂಬುದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ನೌಕರಿಯ ಕೊನೆಯ ದಿನಗಳಲ್ಲಿ, ಒಂದು ಭಾನುವಾರ, ಅಲೆಗಳ ಎದುರಿಗೆ ನಿಂತು ನಾನದನ್ನು ಕಲಿತೆ.