ನಾಲ್ಕು ದಾರಗಳ ಜೀವಕೋಶ

ಮಾನ್ಯ ಓದುಗರಲ್ಲಿ,

ಈ ಬರಹದಲ್ಲಿರಬಹುದಾದ ಅಕ್ಷರದೋಷಗಳನ್ನೂ ನನ್ನ ಸೊಟ್ಟ ಕೈಬರಹವನ್ನೂ ಮೊದಲಾಗಿ ಮನ್ನಿಸಬೇಕೆಂದು ಕೋರುತ್ತೇನೆ. ಕೊಲ್ಲಿನಾಡಿನ ಜೆಬೆಲ್ ಅಲಿ ಬಂದರಿನ ಗೋದಾಮೊಂದರಲ್ಲಿ ಸರಕಿನ ಕಾಗದಪತ್ರಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ.

ವಿಷಯವೇನೆಂದರೆ, ಒಂಬತ್ತನೆಯ ತರಗತಿಯ ನನ್ನ ಮಗಳು ಜೀವಕೋಶದ ಪಾಠದ ಕಿರುಪರೀಕ್ಷೆಯಲ್ಲಿ ಅನುತ್ತೀರ್ಣಳಾಗಿದ್ದಳು. ಸೋಮವಾರ ಕೋಶ ವಿಭಜನೆಯ ಮಾದರಿಯೊಂದನ್ನು ತಂದು ತರಗತಿಯ ಮುಂದೆ ವಿವರಿಸಿದರೆ ಅಂಕಗಳನ್ನು ಸರಿಪಡಿಸುವುದಾಗಿ ಟೀಚರ್ ತಿಳಿಸಿದ್ದರು. ನಾಲ್ಕು ಜನರೆದುರು ಬಾಯಿ ತೆರೆಯದ ಹುಡುಗಿಗೆ ಅದು ಪರೀಕ್ಷೆಗಿಂತಲೂ ಕಠಿಣವಾಗಿತ್ತು.

ಭಾನುವಾರ ಮಧ್ಯಾಹ್ನ, ಪತ್ನಿ ನಾದಿಕೊಟ್ಟ ಮೈದಾಹಿಟ್ಟನ್ನು ಊಟದ ತಟ್ಟೆಯಲ್ಲಿ ಹರಡಿದೆವು. ಶಕ್ತಿ ಒದಗಿಸುವ ಮೈಟೋಕಾಂಡ್ರಿಯಕ್ಕೆ ರಾಜ್ಮಾ ಕಾಳು. ಪ್ರೋಟೀನು ತಯಾರಿಸುವ ರೈಬೋಸೋಮಿಗೆ ಸಾಸಿವೆ. ಕೋಶಕೇಂದ್ರಕ್ಕೆ ಪತ್ನಿಯ ಬಳೆ, ಅದರೊಳಗೆ ವರ್ಣತಂತುಗಳೆಂದು ನಾಲ್ಕು ಬಣ್ಣದ ದಾರಗಳು.

"ಈ ಮಡಚಿದ ರಿಬ್ಬನ್ ಎಂತದು ಮಗಾ?"

"ಗಾಲ್ಗಿ, ಪಪ್ಪ. ಪ್ರೋಟೀನ್ ಪ್ಯಾಕ್ ಮಾಡಿ ಬೇಕಾದಲ್ಲಿಗೆ ಕಳಿಸ್ತದೆ. ನಿಮ್ಮ ಆಫೀಸೇ!"

ತರುವಾಯ ವಿಭಜನೆ ತೋರಿಸಲು ಆಕೆ ಬಳೆಯನ್ನು ತೆಗೆದು, ಎರಡು ದಾರಗಳನ್ನು ಆಚೆಗೂ ಎರಡನ್ನು ಈಚೆಗೂ ಸರಿಸಿದಳು. ನಾನು ತಡೆದೆ.

"ಎರಡು ಕಡೆಗೆ ಮಾಲು ಹೋಗುವಾಗ ಇದ್ದ ಕಾಗದ ಹರಿದು ಹಂಚುವುದುಂಟಾ? ಮೊದಲು ಪ್ರತಿ ತೆಗೀಬೇಕು."

ಪುಸ್ತಕ ತಿರುವಿದವಳು, "ಹೌದಲ್ಲ! ಡಿವೈಡ್ ಆಗುವ ಮೊದಲೇ ಡಬಲ್ ಆಗ್ತದೆ," ಎಂದಳು.

ಈ ಗೆಲುವಿನಿಂದ ಉಬ್ಬಿದ ನಾನು, ಪ್ರತಿಯೊಂದು ದಾರಕ್ಕೂ ಅದೇ ಬಣ್ಣದ ಇನ್ನೊಂದನ್ನು ನಡುವೆ ಗಂಟುಹಾಕಿ ಜೋಡಿಸಿದೆನು. ಅಷ್ಟಕ್ಕೇ ಸುಮ್ಮನಿರದೆ, ಕೆಲಸದ ರೂಢಿಯಂತೆ ಹೊಸ ದಾರಗಳಿಗೆಲ್ಲ 'ನಕಲು' ಎಂಬ ಚೀಟಿಗಳನ್ನೂ ಕಟ್ಟಿದೆನು.

ಮಗಳು ಹೊಟ್ಟೆ ಹಿಡಿದು ನಕ್ಕಳು. "ಸೆಲ್‌ನಲ್ಲಿ ಒರಿಜಿನಲ್, ಕಾಪಿ ಅಂತ ಇಲ್ಲ ಪಪ್ಪ! ಎರಡ್ರಲ್ಲೂ ಅರ್ಧ ಹಳೇದು, ಅರ್ಧ ಹೊಸದು. ಈ ಚೀಟಿ ತಕೊಂಡು ಹೋದ್ರೆ ನಾನು ಖಲಾಸ್!"

"ಸೀಲು ಒತ್ಲಿಲ್ಲ, ಅಷ್ಟೇ ಪುಣ್ಯ ಮಾರಾಯ್ತಿ," ಎಂದಳು ಪತ್ನಿ.

"ಹಾಗಾದ್ರೆ ಯಾವುದು ಎಲ್ಲಿಗೆ ಹೋದ್ರೂ ಆಯ್ತಾ?" ಎಂದು ಕೇಳಿದೆ.

ಮಗಳು ಎದ್ದು ನಿಂತಳು. ಜೋಡಿಗಳು ನಡುವಿನಲ್ಲಿ ಸಾಲಾಗಿ ನಿಲ್ಲುವುದನ್ನು, ಪ್ರತಿ ಜೋಡಿಯಿಂದ ಒಂದೊಂದು ಎಳೆ ಎರಡೂ ತುದಿಗೆ ಸರಿಯುವುದನ್ನು ಪುಸ್ತಕ ನೋಡದೆ ವಿವರಿಸಿ, ಹಿಟ್ಟನ್ನು ಕಾಳುಗಳ ಸಮೇತ ಎರಡಾಗಿ ಚಿವುಟಿದಳು. "ಮಮ್ಮೀ, ಈಗ ಎರಡು ನ್ಯೂಕ್ಲಿಯಸ್. ಇನ್ನೊಂದು ಬಳೆ!" ತಾನು ಇಬ್ಬರ ಎದುರು ನಿಂತು ಪಾಠ ಹೇಳುತ್ತಿರುವುದು ಆಕೆಯ ಗಮನಕ್ಕೆ ಬಂದಿರಲಿಲ್ಲ. ನಾನೂ ತಿಳಿಸಲಿಲ್ಲ.

ಸೋಮವಾರ ಶಾಲೆಯಲ್ಲಿ ಪಪ್ಪನ ಚೀಟಿಯ ಕಥೆಯಿಂದಲೇ ಆರಂಭಿಸಿದಳಂತೆ. ತರಗತಿ ನಕ್ಕಿತು, ಆಕೆಯ ಮಾತು ನಿಲ್ಲಲಿಲ್ಲ, ಅಂಕಗಳು ಸರಿಯಾದವು. ಆ ಚೀಟಿಗಳಲ್ಲೊಂದು ಈಗ ನನ್ನ ಕಚೇರಿಯ ಮೇಜಿನ ಗಾಜಿನಡಿ ಇದೆ.

ನನ್ನನ್ನು ತಿದ್ದುತ್ತಲೇ ಮಗಳಿಗೆ ಧೈರ್ಯ ಬಂದದ್ದನ್ನು ಕಂಡವನಾದುದರಿಂದ, ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವೂ ಸಂಕೋಚವಿಲ್ಲದೆ ತಿದ್ದಬೇಕೆಂದು ವಿನಂತಿಸುತ್ತೇನೆ.