ಹೋರಿಯ ಹಣೆಗೆ ನೀಲಿ ಲೇಸು

ನಮ್ಮವ್ವನ ಕಣ್ಣಿಗೆ ಪೊರೆ ಬಂದಿದೆಯೆಂದು ನನಗೆ ಗೊತ್ತಾಗಿದ್ದು ಮಣಿ ಡಬ್ಬಿಯಿಂದ.

ನನ್ನ ತವರು ಸೊರಬದ ಹತ್ತಿರದ ಒಂದು ಹಳ್ಳಿ. ಕೊಟ್ಟಿದ್ದು ಶಿಕಾರಿಪುರಕ್ಕೆ. ಯಜಮಾನರದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಅವರು ಇಡೀ ದಿನ ತಾಮ್ರದ ತಂತಿ ಸುತ್ತುತ್ತಾರೆ, ನಾನು ಬಿಡುವಾದಾಗಲೆಲ್ಲ ನೂಲು ಸುತ್ತುತ್ತೇನೆ. ಕ್ರೋಶಾ ನನಗೆ ಹುಡುಗಿಯಾಗಿದ್ದಾಗಿನಿಂದ ಬರುತ್ತಿತ್ತು. ಟ್ಯಾಟಿಂಗ್ ಎಂಬ ಗಂಟಿನ ಲೇಸು ಹಿಡಿದದ್ದು ಮಾತ್ರ ಈಚೆಗೆ, ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಬೆರಳ ತುದಿಯಲ್ಲೇ ಹೂವು ಅರಳಿಸುತ್ತಿದ್ದುದನ್ನು ನೋಡಿ.

ಕ್ರೋಶಾಕ್ಕೆ ಕೊಕ್ಕೆಯಿರುವ ಕಡ್ಡಿ ಬೇಕು. ಇದಕ್ಕೆ ಹೆಬ್ಬೆರಳಿನಷ್ಟುದ್ದದ, ದೋಣಿಯಾಕಾರದ ಪುಟ್ಟ ಲಾಳಿ ಸಾಕು. ಲಾಳಿಯ ದಾರವನ್ನೇ ಎಡಗೈ ಬೆರಳುಗಳಿಗೆ ಕುಣಿಕೆ ಹಾಕಿಕೊಂಡು, ಅದರ ಕೆಳಗೊಮ್ಮೆ ಮೇಲೊಮ್ಮೆ ಲಾಳಿ ದಾಟಿಸಿ ಗಂಟು ಕಟ್ಟುತ್ತ ಹೋಗಬೇಕು. ಬೇಕಾದಷ್ಟು ಗಂಟಾದ ಮೇಲೆ ದಾರ ಎಳೆದರೆ ಕುಣಿಕೆ ಮುಚ್ಚಿಕೊಂಡು ಒಂದು ಉಂಗುರವಾಗುತ್ತದೆ. ಅಂಥ ಉಂಗುರಗಳನ್ನು ಒಂದಕ್ಕೊಂದು ಕೂಡಿಸಿದರೆ ಹೂವು, ಎಲೆ, ಕಿವಿಯ ಲೋಲಾಕು, ಏನು ಬೇಕಾದರೂ ಆದೀತು. ಹೇಳುವುದಕ್ಕೆ ಸುಲಭ. ನನ್ನ ಉಂಗುರಗಳು ಎಷ್ಟು ಎಳೆದರೂ ಮುಚ್ಚುತ್ತಿರಲಿಲ್ಲ. ಆ ಹೆಂಗಸಿನ ಭಾಷೆ ನನಗೆ ತಿಳಿಯದು, ನನ್ನ ಬೈಗುಳ ಅವಳಿಗೆ ಕೇಳದು.

ಒಂದು ಸಂಜೆ ಅವ್ವನ ಫೋನು ಬಂತು. ಸ್ಪೀಕರಿಗೆ ಹಾಕಿ, ಗಂಟು ಹಾಕುತ್ತಲೇ ಮಾತಾಡುತ್ತಿದ್ದೆ. ನನ್ನ ತಮ್ಮ ಹೊಸದಾಗಿ ತಂದ ಹೋರಿ ಪಕ್ಕದ ಮನೆಯವರ ಹಪ್ಪಳ ತಿಂದ ಕತೆ ಹೇಳಿ ಅವಳು ನಗಿಸಿದಳು. ನಗುವಾಗ ನನ್ನ ಎಡಗೈ ಸಡಿಲವಾಯಿತು, ಗಂಟು ಪಟಕ್ಕನೆ ಒಂದು ದಾರದಿಂದ ಇನ್ನೊಂದಕ್ಕೆ ಮಗುಚಿಕೊಂಡಿತು. ಎಳೆದೆ. ಉಂಗುರ ಮುಚ್ಚಿತು! ಎಡಗೈ ಸಡಿಲ ಬಿಡಬೇಕು, ಬಲಗೈ ದಾರ ಬಿಗಿ ಹಿಡಿಯಬೇಕು, ಅಷ್ಟೇ ಗುಟ್ಟು.

"ಎಂತ ಆತೇ? ಕಿರುಚ್ತೀಯಲ್ಲ?" ಎಂದಳು ಅವ್ವ.

"ಗಂಟು ಬಂತವ್ವಾ!"

"ಗಂಟು ಬಿಚ್ಚಿದ್ರೆ ಖುಷಿಪಡೋರನ್ನ ನೋಡೀನಿ. ಬಿದ್ರೆ ಖುಷಿಪಡೋಳು ನೀನೊಬ್ಳೇ."

ಬಿಳಿ ದಾರ ಬೇಗ ಬೇಸರವಾಯಿತು. ಬಣ್ಣದ ದಾರ ತರಿಸಿದೆ, ಸಾಸಿವೆಗಾತ್ರದ ಗಾಜಿನ ಮಣಿ ತರಿಸಿದೆ. ಈ ಕೆಲಸದಲ್ಲಿ ಮಣಿಗಳನ್ನು ಮೊದಲೇ ದಾರಕ್ಕೆ ಪೋಣಿಸಿ, ಆಮೇಲೆ ಲಾಳಿಗೆ ಸುತ್ತಿಕೊಳ್ಳಬೇಕು. ಯಾವ ಬಣ್ಣದ ಮುಂದೆ ಯಾವುದು ಎಂದು ಆಗಲೇ ತೀರ್ಮಾನವಾಗಿರಬೇಕು. ನಡುವೆ ತಪ್ಪಿದರೆ ಬಿಚ್ಚಲಾಗದು, ಕತ್ತರಿಯೇ ಗತಿ.

ತವರಿಗೆ ಹೋದಾಗ ಡಬ್ಬಿ ಜೊತೆಗೇ ಒಯ್ದಿದ್ದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವ ಗಡಿಬಿಡಿಯಲ್ಲಿ ಮುಚ್ಚಳ ಬಿಚ್ಚಿಕೊಂಡು, ಮಣಿಗಳೆಲ್ಲ ಚೀಲದೊಳಗೆ ಕಲಸಿಹೋಗಿದ್ದವು. ಜಗಲಿಯಲ್ಲಿ ಮೊರ ಹಿಡಿದು ಕೂತು, "ಅವ್ವಾ, ಬಣ್ಣ ಬಣ್ಣ ಬೇರೆ ಮಾಡಿಕೊಡು" ಎಂದೆ. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕೈ ಅವಳದು. ಚಕಚಕನೆ ಆರಿಸಿದಳು. ಆದರೆ ನೋಡುತ್ತೇನೆ, ಬಿಳಿ ಮಣಿಗಳನ್ನೆಲ್ಲ ಹಳದಿಯ ಜೊತೆ ಹಾಕಿದ್ದಾಳೆ. ನೀಲಿ ಅರ್ಧ ಹಸಿರಿನಲ್ಲಿ, ಅರ್ಧ ಕಪ್ಪಿನಲ್ಲಿ.

ತಮಾಷೆ ಮಾಡುತ್ತಿದ್ದಾಳೆಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಒಂದು ನೀಲಿ ಮಣಿಯನ್ನು ಹಿಡಿದು, "ಇದು ಯಾವುದವ್ವಾ?" ಎಂದು ಕೇಳಿದೆ.

"ಹಸಿರು. ನಿನ್ನ ಕಣ್ಣಿಗೇನಾಗಿದೆ?"

ಕಣ್ಣಿಗೆ ಪೊರೆ ಬಂದಿರಬೇಕೆಂದು ಆಗ ನನಗೆ ಹೊಳೆಯಿತು. ಆಪರೇಷನ್ನಿನ ಮಾತೆತ್ತಿದ್ದೇ ತಡ, ಅವ್ವ ಎದ್ದು ಒಳಗೆ ಹೋದಳು. "ನಂಗೆ ಬೇಕಾದ್ದೆಲ್ಲ ಕಾಣ್ತೈತೆ. ಬೇಡಾದ್ದೂ ಕಾಣ್ತೈತೆ" ಎಂದು ಅಡುಗೆಮನೆಯಿಂದಲೇ ಕೂಗಿದಳು. ತಮ್ಮ ಹೇಳಿ ನೋಡಿದ, ನಾನು ಅತ್ತು ನೋಡಿದೆ. ಕೊನೆಗೆ ಒಪ್ಪಿಸಿದ್ದು ನಮ್ಮ ಯಜಮಾನರು. ಅಳಿಯನ ಮುಂದೆ ಅವ್ವ ಹಟ ಮಾಡುವುದಿಲ್ಲ.

"ಅತ್ತಿ, ಮೋಟಾರು ಪೂರ್ತಿ ಸುಟ್ಟಮ್ಯಾಲೆ ತಂದ್ರ ನಾನೂ ಏನೂ ಮಾಡಾಕ ಬರಂಗಿಲ್ಲ. ಸದ್ದು ಬದಲಾದ ಕೂಡ್ಲೇ ತರಬೇಕು ನೋಡ್ರಿ" ಎಂದರು ಅವರು. ಅವ್ವ ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ಯಾವತ್ತು ಹೋಗಾಣ?" ಎಂದಳು.

ಶಿವಮೊಗ್ಗದಲ್ಲಿ ಒಂದು ಕಣ್ಣಿನ ಆಪರೇಷನ್ನಾಯಿತು. ಆರೈಕೆಗೆ ನಮ್ಮ ಮನೆಗೆ ಕರೆತಂದೆ. ಪಟ್ಟಿ ಬಿಚ್ಚಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಠೀವಿಯಿಂದ ಓಡಾಡುತ್ತಿದ್ದವಳು, ಒಂದು ಬೆಳಿಗ್ಗೆ ಕನ್ನಡಕ ತೆಗೆದು ತಾನು ಉಟ್ಟ ಸೀರೆಯನ್ನೇ ನೋಡುತ್ತ ನಿಂತಳು.

"ಈ ಸೀರೆ ಯಾರದೇ?"

"ನಿಂದೇ ಅವ್ವಾ. ತಮ್ಮನ ಮದುವೆಗೆ ತಗಂಡಿದ್ದು."

"ಅದು ಹಸಿರಿತ್ತಲ್ಲೇ! ಇದು ನೀಲಿ ಐತೆ."

ಆಪರೇಷನ್ನಾದ ಕಣ್ಣು ಮುಚ್ಚಿದಳು, ಇನ್ನೊಂದರಲ್ಲಿ ನೋಡಿದಳು. ಅದನ್ನು ಮುಚ್ಚಿ ಇದನ್ನು ತೆರೆದಳು. "ಈ ಕಣ್ಣಿಗೆ ನೀಲಿ. ಈ ಕಣ್ಣಿಗೆ ಹಸಿರು. ಅಯ್ಯ, ಒಂದೇ ದುಡ್ಡಿಗೆ ಎರಡು ಸೀರೆ!" ಎಂದು ನಗತೊಡಗಿದಳು. ಆಮೇಲೆ ಅದೇ ಅವಳ ಆಟವಾಯಿತು. ಆಕಾಶ, ಬಕೆಟ್ಟು, ಅಳಿಯನ ಅಂಗಿ, ಬೀದಿಯಲ್ಲಿ ಹೋಗುವ ಆಟೋ, ಎಲ್ಲವನ್ನೂ ಒಂದೊಂದೇ ಕಣ್ಣಿನಲ್ಲಿ ನೋಡಿ ಫಲಿತಾಂಶ ಸಾರುತ್ತಿದ್ದಳು. ನನ್ನ ಮಣಿ ಡಬ್ಬಿಯನ್ನಂತೂ ಮಡಿಲಲ್ಲೇ ಇಟ್ಟುಕೊಂಡಳು. ಡಾಕ್ಟರು ಕಣ್ಣಿಗೆ ಶ್ರಮ ಬೇಡವೆಂದಿದ್ದರಿಂದ ಪೋಣಿಸಲು ಬಿಡಲಿಲ್ಲ. ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬೆರಳಿನಿಂದ ಕೆದಕಿ ಕೆದಕಿ ನೀಲಿಗಳನ್ನು ಒಂದೆಡೆ ಗುಡ್ಡೆ ಹಾಕಿ, ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ಇಷ್ಟು ವರ್ಷ ಅವಳ ಕಣ್ಣಿನಿಂದ ಒಂದು ಬಣ್ಣವೇ ಮಾಯವಾಗಿತ್ತು, ನಮಗ್ಯಾರಿಗೂ ತಿಳಿದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನ್ನ ಕೈಯ ಲಾಳಿ ನಿಂತುಬಿಡುತ್ತಿತ್ತು.

ದೀಪಾವಳಿ ಹತ್ತಿರವಾಯಿತು. ನಮ್ಮ ಕಡೆ ದೀಪಾವಳಿಯೆಂದರೆ ಹೋರಿ ಹಬ್ಬ. ಸಿಂಗರಿಸಿದ ಹೋರಿಗಳನ್ನು ಅಖಾಡದಲ್ಲಿ ಓಡಿಸುತ್ತಾರೆ. ಅವುಗಳ ಕೊರಳಿನ ಕೊಬ್ಬರಿ ಹಾರ ಕಿತ್ತುಕೊಳ್ಳಲು ಗಟ್ಟಿ ಹುಡುಗರು ಮೇಲೆ ಬೀಳುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಸಿನಿಮಾ ನಟರಿಗಿರುವಷ್ಟು ಅಭಿಮಾನಿಗಳು. ತಮ್ಮನ ಹೋರಿ ಆ ವರ್ಷ ಮೊದಲ ಸಲ ಓಡಬೇಕಿತ್ತು. ಹಾಲಿನಂಥ ಬಿಳಿ ಮೈ, ಹೊಳೆಯುವ ಕೊಂಬು. ಹೆಂಡತಿಗಿಂತ ಅದರ ಹತ್ತಿರವೇ ಅವನು ಹೆಚ್ಚು ಮಾತಾಡುತ್ತಿದ್ದ.

"ಅದಕ್ಕೊಂದು ಹಣೆಪಟ್ಟಿ ನಾನು ಹೆಣೆದುಕೊಡ್ತೀನಿ ಕಣೋ" ಎಂದು ಫೋನಿನಲ್ಲಿ ಹೇಳಿದೆ.

"ಅಕ್ಕಾ, ಅದು ಹೋರಿ. ಮದುಮಗಳಲ್ಲ."

"ಹಾಕಿ ನೋಡು, ಬೇಡಾದ್ರೆ ತೆಗಿ."

ಕೆಂಪು ಹಳದಿಯಲ್ಲಿ ಮಾಡು ಎಂದ. ಅವನ ಗೆಳೆಯರೆಲ್ಲ ಅದೇ ಬಣ್ಣದ ಟೀಶರ್ಟು ಹೊಲಿಸಿದ್ದರಂತೆ. ನಾನು ದಪ್ಪ ದಾರದಲ್ಲಿ ಹೂವಿನ ಸಾಲು ಹೆಣೆದೆ, ಪ್ರತಿ ಹೂವಿನ ನಡುವೆ ಮಣಿಗಳ ಗೊಂಚಲು ಇಳಿಬಿಟ್ಟೆ. ಲೇಸು ಬಾಡಿದ ಸೊಪ್ಪಿನಂತೆ ಜೋತು ಬೀಳಬಾರದೆಂದು ಅನ್ನದ ಗಂಜಿಯಲ್ಲಿ ಅದ್ದಿ, ಹಲಗೆಗೆ ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಗರಿಗರಿಯಾಗಿ ನಿಂತಿತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ತಮ್ಮನ ಕೈಗೆ ಕೊಟ್ಟೆ. ನನ್ನ ಜೊತೆ ಊರಿಗೆ ಮರಳಿದ ಅವ್ವ, ದಾರಿಯುದ್ದಕ್ಕೂ ಕಿಟಕಿಯ ಬಳಿ ಕಣ್ಣು ಬದಲಾಯಿಸುತ್ತ ಕೂತಿದ್ದಳು.

ತಮ್ಮ ಅದನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಊಟಕ್ಕೆ ಬಂದ. ಕೈ ತೊಳೆಯಲು ಹೋದವನು ಅಲ್ಲಿಂದಲೇ ಕೂಗಿಕೊಂಡ.

"ಅಕ್ಕಾ! ತಿಂತಾ ಐತೆ!"

ಓಡಿದೆವು. ಹೋರಿಯ ಬಾಯಿಯಿಂದ ಒಂದು ಹಳದಿ ಹೂವು ಮಾತ್ರ ಹೊರಗೆ ನೇತಾಡುತ್ತಿತ್ತು. ತಮ್ಮ ಎಳೆದ, ಅದೂ ಎಳೆಯಿತು. ಕೊನೆಗೆ ಅವನ ಕೈಗೆ ಬಂದದ್ದು ಎಂಜಲಾದ ಅರ್ಧ ಪಟ್ಟಿ.

"ಗಂಜಿ ಹಾಕಿದ್ಯಾ?" ಅವ್ವ ಕೇಳಿದಳು.

"ಹೂಂ."

"ಉಪ್ಪು?"

"ಅನ್ನದ ಗಂಜಿ ಅಲ್ವಾ, ಉಪ್ಪೂ ಇತ್ತು."

"ಮತ್ತೆ ಇನ್ನೇನು ಮಾಡೀತು ಪಾಪ! ಹಪ್ಪಳ ಅಂದ್ಕಂಡೈತೆ."

ತಮ್ಮನಿಗೆ ನಗು ಬರಲಿಲ್ಲ. ಗಾಜಿನ ಮಣಿ ಹೊಟ್ಟೆಗೆ ಹೋಗಿದೆಯೆಂದು ದನದ ಡಾಕ್ಟರಿಗೆ ಫೋನು ಮಾಡಿದ. ಅಷ್ಟು ಸಣ್ಣ ಮಣಿಯಿಂದ ಹೆದರಿಕೆಯಿಲ್ಲ, ಮೇವು ಬಿಟ್ಟರೆ ತಿಳಿಸಿ, ಸಗಣಿ ನೋಡುತ್ತಿರಿ ಎಂದರಂತೆ ಅವರು. ಹೋರಿ ಮೇವು ಬಿಡುವುದಿರಲಿ, ಇನ್ನೊಂದು ಪಟ್ಟಿ ಸಿಕ್ಕೀತೇ ಎಂದು ನನ್ನ ಚೀಲವನ್ನೇ ಮೂಸುತ್ತಿತ್ತು. ತಮ್ಮ ಮಾತ್ರ ಕಡ್ಡಿ ಹಿಡಿದು ಕೊಟ್ಟಿಗೆಯಲ್ಲೇ ಕಾವಲು ಕೂತ. ಮರುದಿನ ನಾನು ಹಲ್ಲುಜ್ಜುತ್ತಿದ್ದಾಗ ಓಡಿಬಂದು, "ಅಕ್ಕಾ, ಮಣಿ ಬಂತು! ಕೆಂಪು!" ಎಂದ. ಮಕ್ಕಳಾದ ಸುದ್ದಿಯನ್ನೂ ಅವನು ಅಷ್ಟು ಸಂತೋಷದಿಂದ ಹೇಳಿರಲಿಲ್ಲ.

ಹಬ್ಬಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಕೆಂಪು ಹಳದಿ ದಾರವೆಲ್ಲ ಖರ್ಚಾಗಿತ್ತು. ನನ್ನ ಹತ್ತಿರ ಇದ್ದದ್ದು ನೀಲಿ.

"ನೀಲೀನೇ ಮಾಡು" ಎಂದಳು ಅವ್ವ. "ಬಿಳಿ ಹೋರಿಗೆ ನೀಲಿ ಎಷ್ಟು ಚಂದ ಒಪ್ತೈತೆ ಗೊತ್ತೇನೇ?"

"ಅವ್ವಾ, ನಮ್ಮ ಟೀಶರ್ಟು..." ತಮ್ಮ ರಾಗ ಎಳೆದ.

"ಟೀಶರ್ಟು ಓಡ್ತದೇನೋ? ಓಡೋದು ಹೋರಿ."

ಅಷ್ಟು ಹೊತ್ತಿಗೆ ಡಾಕ್ಟರು ಹೇಳಿದ ದಿನಗಳು ಕಳೆದಿದ್ದವು. ಅವ್ವ ಅಂಗಳದ ಬಿಸಿಲಿಗೆ ಚಾಪೆ ಹಾಕಿಕೊಂಡು, ಪೊರೆಯಿದ್ದ ಕಣ್ಣನ್ನು ಮುಚ್ಚಿ, ತಾನೇ ಮಣಿ ಪೋಣಿಸಿದಳು. ಎರಡು ಗಾಢ ನೀಲಿ, ಒಂದು ಬಿಳಿ, ಮತ್ತೆ ತಿಳಿ ನೀಲಿ, ನಡುವೆ ಅಲ್ಲೊಂದು ಇಲ್ಲೊಂದು ಕೆಂಪು. ಆ ಕೆಂಪು ಮಗನಿಗೆ ಸಮಾಧಾನವಾಗಲಿ ಎಂದಂತೆ. ಅವಳು ಪೋಣಿಸಿ ಕೊಟ್ಟ ದಾರವನ್ನು ನಾನು ಲಾಳಿಗೆ ಸುತ್ತಿದೆ. ಉಂಗುರ ಕಟ್ಟುತ್ತ ಬೇಕಾದಲ್ಲಿ ಒಂದೊಂದೇ ಮಣಿಯನ್ನು ಸರಿಸಿ ಕೂರಿಸಿದೆ. ನಾನು ಹೀಗೆ ಜೋಡಿಸುತ್ತಿರಲಿಲ್ಲ. ಹೀಗೆ ಜೋಡಿಸಿದ್ದರಿಂದಲೇ ಪಟ್ಟಿ ಹರಿಯುವ ನೀರಿನಂತೆ ಮಿನುಗಿತು. ಈ ಸಲ ಗಂಜಿ ಹಾಕಲಿಲ್ಲ, ಗಟ್ಟಿ ಬಟ್ಟೆಯ ಮೇಲಿಟ್ಟು ಹೊಲಿದೆ. ಹಬ್ಬದ ಬೆಳಿಗ್ಗೆವರೆಗೂ ಅದು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು.

ಅಖಾಡದ ಎರಡೂ ಬದಿ ಜನವೋ ಜನ. ಹೆಂಗಸರು ಮಕ್ಕಳು ಮನೆಗಳ ತಾರಸಿ ಹತ್ತಿದ್ದೆವು. ಒಂದೊಂದು ಹೋರಿ ಬಿಟ್ಟಾಗಲೂ ಶಿಳ್ಳೆ, ಪೀಪಿ, ಧೂಳು. ಬೆನ್ನಿಗೆ ಹೊದಿಸಿದ ಜೂಲ, ಬಲೂನು, ಝರಿಕಾಗದ ಹೊತ್ತು ಅವು ಬರುವ ವೇಗಕ್ಕೆ ಯಾವುದು ಯಾರದೆಂದು ಗುರುತು ಸಿಗುವುದೇ ಕಷ್ಟ. ಅವ್ವ ಕಟಾಂಜನದ ಕಂಬಿ ಹಿಡಿದು, ಕುತ್ತಿಗೆ ಚಾಚಿ ನಿಂತಿದ್ದಳು. ನಾನು ಬೇರೆ ಕಡೆ ನೋಡುತ್ತಿದ್ದಾಗ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು.

"ಬಂತು! ನಮ್ದು ಬಂತು! ಅಗಾ ನೀಲಿ!"

ನನಗಿನ್ನೂ ಕಂಡಿರಲಿಲ್ಲ. ಧೂಳಿನಾಚೆ ಎಲ್ಲೋ ಒಂದು ಚುಕ್ಕೆ. ಮೊದಲು ಕಂಡದ್ದು ಅವ್ವನಿಗೆ. "ನಂಗೆ ಕಾಣ್ತೈತೆ ಕಣೇ, ನಂಗೆ ಕಾಣ್ತೈತೆ" ಎನ್ನುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರು. ಅದನ್ನು ಒರೆಸಿಕೊಳ್ಳಲೂ ಅವಳು ಕಣ್ಣು ಮುಚ್ಚಲಿಲ್ಲ. ಮೈಕಿನವನು ಹೋರಿಯ ಹೆಸರು ಗೊತ್ತಿಲ್ಲದೆ, "ನೀಲಿ ಹಣೆಪಟ್ಟಿ ಹೋರಿ ಬಂತು ನೋಡ್ರಪೋ, ನೀಲಿ ಹಣೆಪಟ್ಟಿ!" ಎಂದು ಅರಚಿದ. ಇಬ್ಬರು ಹುಡುಗರು ಕೊರಳಿಗೆ ಜೋತುಬಿದ್ದರು. ಒಬ್ಬ ಜಾರಿದ, ಇನ್ನೊಬ್ಬ ಕೊಬ್ಬರಿ ಹಾರದ ಒಂದು ತುಂಡು ಕಿತ್ತುಕೊಂಡೇ ಬಿಟ್ಟ. ಹೋರಿ ನಿಲ್ಲದೆ ಮುಂದೆ ಓಡಿತು.

ಬಹುಮಾನ ಬರಲಿಲ್ಲ. ಹೋರಿ ಸಿಕ್ಕಿದ್ದು ಎರಡು ಹೊಲದಾಚೆ, ಯಾರದೋ ಜೋಳ ಮೇಯುತ್ತ. ಪಟ್ಟಿಯ ಎರಡು ಹೂವು ಹರಿದಿದ್ದವು. ಹಾರ ಹೋದ ಬೇಸರದಲ್ಲಿ ತಮ್ಮ ಮುಖ ಊದಿಸಿಕೊಂಡಿದ್ದ. ಆದರೆ ಜನ ಬಂದು ಹೋರಿಯ ಹಣೆ ಮುಟ್ಟಿ ಮುಟ್ಟಿ, "ಇದನ್ನೆಲ್ಲಿ ತರಿಸಿದ್ಯೋ?" ಎಂದು ಕೇಳತೊಡಗಿದಾಗ ಅವನ ಮುಖ ನಿಧಾನಕ್ಕೆ ಅರಳಿತು. "ನಮ್ಮಕ್ಕ ಮಾಡಿದ್ದು. ಬಣ್ಣ ನಮ್ಮವ್ವಂದು" ಎಂದ. ಕೆಂಪು ಹಳದಿಯ ಸುದ್ದಿಯನ್ನೇ ಎತ್ತಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಕಿವಿಯ ಲೋಲಾಕು, ಕೀಲಿ ಗೊಂಚಲಿನ ಚಿಟ್ಟೆ, ಜಡೆಯ ಹೂವು ಎಂದು ನಾನು ಎಷ್ಟೆಲ್ಲ ಮಾಡಿ ಅಕ್ಕಪಕ್ಕದವರಿಗೆ ತೋರಿಸಿದ್ದೆ. ಚೆನ್ನಾಗಿದೆ ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಕಾಸು ಕೊಟ್ಟು ಮಾಡಿಸಿಕೊಂಡ ಮೊದಲ ಗಿರಾಕಿಗಳು ಹೋರಿಗಳೇ. ಬಳ್ಳಿಗಾವಿ ಕಡೆಯಿಂದ, ಬಂದಳಿಕೆ ಕಡೆಯಿಂದ ಗಂಡಸರು ಅಂಗಡಿಗೆ ಬಂದು, ಕೊಂಬಿನ ನಡುವಿನ ಅಳತೆಗೆ ಗಂಟು ಹಾಕಿದ ಹಗ್ಗ ಕೊಟ್ಟುಹೋಗುತ್ತಾರೆ. "ಮೋಟಾರು ತಂದವ್ರಿಗಿಂತ ಹಗ್ಗ ತಂದವ್ರೇ ಜಾಸ್ತಿ ಆಗ್ಯಾರ" ಎಂದು ಯಜಮಾನರ ದೂರು. ಅವ್ವನಿಗೆ ಎರಡನೇ ಕಣ್ಣಿನ ಆಪರೇಷನ್ನೂ ಆಯಿತು. ಈಗ ಊರಿನಿಂದ ವಿಡಿಯೋ ಕಾಲಿನಲ್ಲಿ ಬಣ್ಣ ಹೇಳುತ್ತಾಳೆ. ಹೋರಿಯ ಫೋಟೋ ನೋಡದೆ ಬಣ್ಣ ಹೇಳುವುದಿಲ್ಲ.

ಮೊನ್ನೆ ಅಂಬ್ಲಿಗೊಳದ ಕಡೆಯ ಹಿರಿಯರೊಬ್ಬರು ತಮ್ಮ ಹೋರಿಯ ಪಟ್ಟಿ ಒಯ್ಯಲು ಬಂದರು. ಮಡಚಿ ಟವೆಲ್ಲಿನಲ್ಲಿ ಕಟ್ಟಿಕೊಂಡ ಮೇಲೂ ಹೋಗಲಿಲ್ಲ. ಗೋಡೆ ನೋಡಿದರು, ಮೋಟಾರು ನೋಡಿದರು.

"ತಂಗೀ, ಇದರಾಗ ಸಣ್ಣವು ಅಕ್ಕಾವೇನು? ಕಿವಿಗೆ ಹಾಕ್ಕೊಳ್ಳೋವು?"

"ಆಗ್ತವೆ. ಯಾರಿಗೆ?"

"ನಮ್ಮನೆಯಾಕೀಗೆ."

ಆಗ ಅವ್ವ ವಿಡಿಯೋ ಕಾಲಿನಲ್ಲಿದ್ದಳು. "ಅವ್ರಿಗೆ ಯಾವ ಬಣ್ಣ ಇಷ್ಟ ಕೇಳೇ" ಎಂದಳು. ಹಿರಿಯರು ತಲೆ ಕೆರೆದುಕೊಂಡರು. ಇಷ್ಟು ವರ್ಷದ ಸಂಸಾರದಲ್ಲಿ ಕೇಳಿಲ್ಲವಂತೆ. ಇವತ್ತು ಕೇಳಿಕೊಂಡು ಬರುತ್ತೇನೆಂದು ಹೋದವರು ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ನಿಂತಿದ್ದರು.

"ಏನಂದ್ರು?" ಎಂದೆ.

"ಬಣ್ಣ ಯಾವುದಾದ್ರೂ ಅಡ್ಡಿಯಿಲ್ಲಂತ" ಎಂದರು ಅವರು, ನಾಚಿಕೆಯಿಂದ ಮೀಸೆಯ ಮೇಲೆ ಕೈಯಾಡಿಸುತ್ತ. "ಹೋರೀಗೆ ಹಾಕಿದ್ದು ಮಾತ್ರ ಬ್ಯಾಡಂತ."