ಐದೂವರೆಯ ಲೆಕ್ಕ

ಸರ್ಕಾರಿ ಇಂಜಿನಿಯರ್ ಪರೀಕ್ಷೆಯನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಫೇಲಾದವನು ನಾನು. ಐದನೆಯ ಸಲ ಅರ್ಜಿ ಹಾಕಲು ಪಾಂಡವಪುರದ ಸೈಬರ್ ಸೆಂಟರಿಗೆ ಹೋದರೆ, ಕಂಪ್ಯೂಟರು ನನ್ನ ಹುಟ್ಟಿದ ತಾರೀಖು ನೋಡಿ ವಯಸ್ಸು ಮೀರಿದೆ ಎಂದು ಕೆಂಪಕ್ಷರದಲ್ಲಿ ಹೇಳಿತು, ಮುಂದಿನ ಪುಟವನ್ನೇ ತೆರೆಯಲಿಲ್ಲ. “ಬ್ಯಾರೆ ತಾರೀಕು ಏನಾರ ಅದಾ ಸಾ?” ಎಂದು ಅಂಗಡಿಯವನು ಕನಿಕರದಿಂದ ಕೇಳಿದ. ಎರಡೆರಡು ಹುಟ್ಟಿದ ತಾರೀಖು ಇಟ್ಟುಕೊಳ್ಳುವಷ್ಟು ಮುಂದಾಲೋಚನೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಓದು ಅಲ್ಲಿಗೆ ನಿಂತಿತು, ಬೆಳಗಿನ ಜಾವ ಏಳುವ ಚಾಳಿ ನಿಲ್ಲಲಿಲ್ಲ. ಐದಕ್ಕೆ ಕಣ್ಣು ತಾನೇ ಬಿಟ್ಟುಕೊಳ್ಳುತ್ತಿತ್ತು. ಮಹಡಿಯ ಮೇಲಿನ ಒಂದೇ ಕೋಣೆ, ಒಂದು ಸ್ಟೌ, ಗೋಡೆಯುದ್ದಕ್ಕೂ ಪರೀಕ್ಷೆಯ ಪುಸ್ತಕಗಳು. ಎದ್ದು ಏನು ಮಾಡುವುದು? ಹಲ್ಲುಜ್ಜಿ ಚಹಾ ಮಾಡಿಕೊಂಡು ಗೋಡೆ ನೋಡಿಕೊಂಡು ಕೂರಬೇಕು. ಒಂದು ವಾರ ಹಾಗೆಯೇ ಕೂತೆ. ಎಂಟನೆಯ ದಿನ ಒಂದು ಲೆಕ್ಕ ಬರೆದು, ಪರಿಚಯದ ನಾಲ್ಕು ಜನ ಪರೀಕ್ಷಾರ್ಥಿಗಳನ್ನು ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದೆ.

ಅವರು ತಮ್ಮ ಸ್ನೇಹಿತರನ್ನು ಸೇರಿಸಿದರು, ಆ ಸ್ನೇಹಿತರು ಇನ್ನಷ್ಟು ಜನರನ್ನು. ಒಂದು ವರ್ಷದಲ್ಲಿ ಅರವತ್ತು ಜನರಾದರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಎಲ್ಲೆಲ್ಲಿ ಸಿವಿಲ್ ಓದಿ ಕೆಲಸಕ್ಕೆ ಕಾದು ಕೂತವರಿದ್ದರೋ ಅಲ್ಲಿಂದೆಲ್ಲ ಬಂದರು. ಬೆಳಿಗ್ಗೆ ಐದೂವರೆಗೆ ಸರಿಯಾಗಿ ಲೆಕ್ಕ ಹಾಕುತ್ತಿದ್ದೆ. ರೂಲು ಹಾಳೆಯ ಮೇಲೆ ಪೆನ್ಸಿಲು, ಸ್ಕೇಲಿನಿಂದ ಚಿತ್ರ ಬರೆದು, ಫೋಟೋ ತೆಗೆದು. ಉತ್ತರ ಆರು ಗಂಟೆಯೊಳಗೆ ಬರಬೇಕು, ಕೈಬರಹದಲ್ಲಿರಬೇಕು, ಎಲ್ಲ ಹಂತವೂ ಇರಬೇಕು. ಬರೀ ಎ, ಬಿ, ಸಿ ಎಂದು ಒಂದಕ್ಷರ ಕಳಿಸಿದವರಿಗೂ ಗುಡ್ ಮಾರ್ನಿಂಗ್ ಹೂವು ಕಳಿಸಿದವರಿಗೂ ಮುಲಾಜಿಲ್ಲದೆ ಬೈಯುತ್ತಿದ್ದೆ.

ಪುಸ್ತಕದ ಲೆಕ್ಕಗಳಲ್ಲಿ ತೊಲೆ ಯಾವ ಊರಿನದು ಎಂದು ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಇರುತ್ತಿತ್ತು. ಕಬ್ಬು ತುಂಬಿದ ಟ್ರಾಕ್ಟರು ಪಾಂಡವಪುರದ ನಾಲೆಯ ಮೋರಿ ದಾಟುವಾಗ ಗೋಡೆಯ ಮೇಲೆ ಬೀಳುವ ಭಾರ ಎಷ್ಟು? ಕೆ.ಆರ್.ಎಸ್. ಬಸ್ ನಿಲ್ದಾಣದ ಹೋಟೆಲಿನವನು ಮಹಡಿಯ ಮೇಲೆ ಇನ್ನೊಂದು ನೀರಿನ ಟ್ಯಾಂಕು ಇಟ್ಟರೆ ಕಂಬ ತಡೆಯುತ್ತದೆಯೇ? ಅವನಿಗೆ ಗೊತ್ತಿಲ್ಲದೆಯೇ ಅವನ ಹೋಟೆಲಿನ ಮೇಲೆ ನಾವು ಅದೆಷ್ಟು ಟ್ಯಾಂಕು ಏರಿಸಿದೆವೋ.

ಹೊಟ್ಟೆಪಾಡಿಗೆ ನಾನು ಒಬ್ಬ ಕಂಟ್ರಾಕ್ಟರ್ ಬಳಿ ಸೈಟ್ ಇಂಜಿನಿಯರು. ಇವತ್ತು ಶ್ರೀರಂಗಪಟ್ಟಣದ ಒಂದು ಮೋರಿ, ನಾಳೆ ಕೆ.ಆರ್.ಪೇಟೆಯ ಕಡೆ ಒಂದು ಅಂಗನವಾಡಿ. ನಾಲ್ಕು ತಾಲೂಕಿನಲ್ಲಿ ನನ್ನನ್ನು ಇಂಜಿನಿಯರ್ ಸಾಹೇಬರು ಎನ್ನದ ಮೇಸ್ತ್ರಿಯಿಲ್ಲ, ಹೆಸರು ಹಿಡಿದು ಕರೆಯುವವರೂ ಇಲ್ಲ. ಇದ್ದವಳೊಬ್ಬಳು ನಾಗಮಂಗಲದಲ್ಲಿರುವ ಅಕ್ಕ. ಅವಳು ಫೋನಿನಲ್ಲಿ ನಗುತ್ತಿದ್ದಳು. “ಪಾಸಾಗ್ದಿರೋನು ನೀನು, ಊರೋರ್ಗೆಲ್ಲ ಪಾಸಾಗದು ಯೋಳ್ಕೊಡ್ತೀಯಾ. ಏನ್ಲಾ ಬಂದದೆ ನಿಂಗೆ?”

ಗುಂಪಿನವರಿಗೆ ಅದು ಗೊತ್ತಿರಲಿಲ್ಲ. ಸರ್ ಎನ್ನುತ್ತಿದ್ದರು, ದೊಡ್ಡ ಹುದ್ದೆಯಲ್ಲಿದ್ದೇನೆಂದು ಕೆಲವರು ತಿಳಿದಿದ್ದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಪಾಸಾದವರು ಥ್ಯಾಂಕ್ಯೂ ಸರ್ ಎಂದು ಗುಂಪು ಬಿಟ್ಟರು. ಬೇಸತ್ತವರು ಏನೂ ಹೇಳದೆ ಬಿಟ್ಟರು. ಕೆಲವರು ಗುಂಪಿನಲ್ಲೇ ಇದ್ದು ಲೆಕ್ಕ ನೋಡುವುದನ್ನು ಬಿಟ್ಟರು, ಅಂಥವರನ್ನು ನಾನೇ ತೆಗೆದೆ. ಆರನೆಯ ವರ್ಷದ ಹೊತ್ತಿಗೆ ಉಳಿದವಳು ಒಬ್ಬಳೇ.

ಆಕೆ ಹೊಸಹೊಳಲಿನವಳು, ದೇವಸ್ಥಾನದ ಅರ್ಚಕರ ಮನೆಯ ಸೊಸೆ. ಸಿವಿಲ್ ಓದಿ, ಮದುವೆಯಾಗಿ, ಎರಡು ವರ್ಷ ಬಿಟ್ಟು ಮತ್ತೆ ಪುಸ್ತಕ ಹಿಡಿದವಳು. ಇಷ್ಟು ಬಿಟ್ಟರೆ ನನಗೇನೂ ತಿಳಿಯದು. ಮುಖ ನೋಡಿಲ್ಲ, ಫೋಟೋದ ಜಾಗದಲ್ಲಿ ಒಂದು ರಂಗೋಲಿ. ಆದರೆ ಕೈಬರಹ ಚೆನ್ನಾಗಿ ಗೊತ್ತು. ಏಳು ಬರೆದರೆ ನಡುವೆ ಒಂದು ಅಡ್ಡಗೆರೆ ಎಳೆಯುತ್ತಿದ್ದಳು. ಐದೂ ಐವತ್ತಕ್ಕೆ ಉತ್ತರ ಬರುತ್ತಿತ್ತು, ಒಂದು ದಿನವೂ ತಪ್ಪಿದ್ದಿಲ್ಲ. ನಾನು ಸರಿ ಎಂದು ಬರೆದರೆ ಮುಗಿಯಿತು, ಆ ದಿನ ಯಾರೊಂದಿಗಾದರೂ ನಾನು ಆಡಿದ ಕೆಲಸಕ್ಕೆ ಹೊರತಾದ ಮಾತು ಅದೊಂದೇ ಆಗಿರುತ್ತಿತ್ತು. ಒಬ್ಬಳಿಗಾಗಿ ಲೆಕ್ಕ ಬರೆಯುವಾಗ ನಾನು ಅರವತ್ತು ಜನರಿಗೆ ಬರೆದಾಗಿನದಕ್ಕಿಂತ ಹೆಚ್ಚು ಮುತುವರ್ಜಿ ವಹಿಸುತ್ತಿದ್ದೆ.

ಪರೀಕ್ಷೆಗೆ ಎರಡು ವಾರ ಇದೆ ಎನ್ನುವಾಗ ಒಂದು ಲೆಕ್ಕ ಹಾಕಿದೆ. ಒಂದು ತೊಲೆ. ಎರಡು ಕಂಬಗಳ ನಡುವೆ ನಾಲ್ಕು ಮೀಟರು. ಎರಡನೆಯ ಕಂಬ ದಾಟಿ ಇನ್ನೂ ಎರಡು ಮೀಟರು ಬಾಲ್ಕನಿಯ ಹಾಗೆ ಹೊರಗೆ ಚಾಚಿದೆ. ತೊಲೆಯ ಸ್ವಂತ ಭಾರ ಮೀಟರಿಗೆ ಹತ್ತು ಕಿಲೋನ್ಯೂಟನ್, ಮೇಲೆ ಬಂದು ನಿಲ್ಲುವ ಜನರ ಭಾರ ಇನ್ನೂ ಹತ್ತು. ಕಂಬಗಳ ನಡುವೆ ತೊಲೆಯನ್ನು ಕೆಳಕ್ಕೆ ಬಗ್ಗಿಸುವ ಮೊಮೆಂಟು ಹೆಚ್ಚೆಂದರೆ ಎಷ್ಟು?

ನನ್ನ ಉತ್ತರ ಇಪ್ಪತ್ತೆರಡೂವರೆ. ಆಕೆಯ ಉತ್ತರ ಮೂವತ್ತು ಪಾಯಿಂಟ್ ಆರು. ಕೆಳಗೆ ಒಂದು ಸಾಲು ಬರೆದಿದ್ದಳು. ‘ಸರ್, ಹೊರಚಾಚಿನ ಮೇಲೆ ಜನ ಇಲ್ಲದಿದ್ದಾಗ ನಡುವೆ ಹೆಚ್ಚು ಬಾಗುತ್ತದೆ. ಅದನ್ನೇ ತೆಗೆದುಕೊಂಡಿದ್ದೇನೆ.’

ನನಗೆ ಸಿಟ್ಟು ಬಂತು. ಸೈಟಿನಲ್ಲಿ ಬೆಳೆದವರ ಬುದ್ಧಿ ಒಂದೇ: ಅನುಮಾನ ಬಂದರೆ ಎಲ್ಲ ಕಡೆಯೂ ಭಾರ ತುಂಬಿ ಲೆಕ್ಕ ಹಾಕು, ಅದಕ್ಕಿಂತ ಕೆಟ್ಟದ್ದು ಆಗಲಾರದು. ಇಪ್ಪತ್ತು ವರ್ಷ ಅದೇ ನಂಬಿಕೊಂಡು ಬಂದವನು ನಾನು. ‘ಭಾರ ಇಳಿಸಿದರೆ ತೊಲೆ ಇನ್ನೂ ಬಾಗುತ್ತದೆಯೇ? ಪುಸ್ತಕ ಮುಚ್ಚಿ ಒಂದು ದಿನ ಸೈಟಿಗೆ ಬಂದು ನಿಂತು ನೋಡಿ’ ಎಂದು ಬರೆದೆ. ಹತ್ತು ನಿಮಿಷದ ಮೇಲೆ ‘ಸರಿ ಸರ್, ತಿದ್ದಿಕೊಂಡೆ’ ಎಂದು ಬಂತು. ನಾನು ಗೆದ್ದವನ ಹಾಗೆ ಬೈಕು ಹತ್ತಿದೆ.

ಅದಾದ ಐದಾರು ದಿನಕ್ಕೆ ಶೀಳನೆರೆಯಲ್ಲಿ ಶಾಲಾ ಕೊಠಡಿಯ ಕೆಲಸವಿತ್ತು. ಮಧ್ಯಾಹ್ನ ಊಟಕ್ಕೆ ಮೇಸ್ತ್ರಿ ಕೂರಲು ಎರಡು ಡ್ರಮ್ಮಿನ ಮೇಲೆ, ಗಾರೆಯವರು ಹತ್ತಿ ನಿಲ್ಲುವ ಸಾರ್ವೆಯ ಉದ್ದನೆಯ ಹಲಗೆ ಹಾಕಿಸಿದ. ಒಂದು ತುದಿ ಡ್ರಮ್ಮು ದಾಟಿ ಹೊರಕ್ಕೆ ಚಾಚಿತ್ತು, ಅಲ್ಲಿ ಒಬ್ಬ ಗಾರೆಯವನು ಕೂತಿದ್ದ. ನಡುವೆ ಮೇಸ್ತ್ರಿ, ತೊಡೆಯ ಮೇಲೆ ತುಂಬಿದ ಸಾರಿನ ಡಬ್ಬಿ. ನಾನು ಎದುರಿಗೆ ಇಟ್ಟಿಗೆಯ ಮೇಲೆ ಕೂತಿದ್ದೆ. ಗಾರೆಯವನು ನೀರು ಕುಡಿಯಲು ಏಳಹೋದ.

“ಲೇ, ಏಳ್ಬ್ಯಾಡ ಕಣ್ಲಾ!” ಎಂದು ಮೇಸ್ತ್ರಿ ಕೂಗಿದ. “ನೀನ್ ಎದ್ರೆ ನಡೂಮಧ್ಯೆ ಬಗ್ತದೆ!”

ಅಷ್ಟರಲ್ಲಿ ಅವನು ಎದ್ದಾಗಿತ್ತು. ಹಲಗೆಯ ನಡುಭಾಗ ಒಮ್ಮೆ ಕೆಳಕ್ಕೆ ಕುಸಿದು, ಸಾರು ಮೇಸ್ತ್ರಿಯ ಪಂಚೆಯ ಮೇಲೆ ಚೆಲ್ಲಿತು. ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ತುದಿಯಲ್ಲಿ ಕೂತವನ ಭಾರ ನಡುವನ್ನು ಎತ್ತಿ ಹಿಡಿದಿತ್ತು, ಅವನು ಎದ್ದುಹೋದ ಮೇಲೆ ನಡು ಬಗ್ಗಿತು. ಹಲಗೆಯ ಮೇಲೆ ಕೂತು ಉಣ್ಣುವ ಯಾರಿಗಾದರೂ ಗೊತ್ತಿರುವ ಸಂಗತಿ. ಸಿಮೆಂಟಿನ ಚೀಲದ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ಮೂವತ್ತು ಪಾಯಿಂಟ್ ಆರು.

ಸಂಜೆಯೇ ಆಕೆಗೆ ಬರೆಯಬೇಕಿತ್ತು. ಬರೆಯಲಿಲ್ಲ. ಮೊದಲ ದಿನ ಮರ್ಯಾದೆ ಅಡ್ಡ ಬಂತು. ಸೈಟಿಗೆ ಬಂದು ನೋಡಿ ಎಂದವನಿಗೆ ಸೈಟೇ ಕಪಾಳಕ್ಕೆ ಹೊಡೆದಿತ್ತಲ್ಲ. ಆದರೆ ಎರಡನೆಯ ದಿನ ಅಡ್ಡ ಬಂದದ್ದು ಮರ್ಯಾದೆಯಲ್ಲ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಈ ಸಲ ಆಕೆ ಪಾಸಾಗುತ್ತಾಳೆಂದು ನನಗೆ ಖಾತ್ರಿಯಿತ್ತು. ಪಾಸಾದರೆ ಐದೂವರೆಗೆ ನಾನು ಯಾರಿಗೆ ಲೆಕ್ಕ ಬರೆಯಲಿ? ಒಂದು ತಪ್ಪು ಉತ್ತರ ತಲೆಯಲ್ಲಿ ಇಟ್ಟುಕೊಂಡು ಹೋದರೆ ಹೋಗಲಿ, ಒಂದೆರಡು ಅಂಕ ಹೋದರೆ ಹೋಗಲಿ, ಇನ್ನೊಂದು ವರ್ಷ ಇರುತ್ತಾಳೆ ಎಂದು ಒಳಗೊಂದು ದನಿ ಹೇಳುತ್ತಿತ್ತು. ಆ ದನಿ ನನ್ನದೇ. ಹಾಗೆ ಒಂದು ವಾರ ತಳ್ಳಿದೆ. ದಿನಾ ಬೆಳಿಗ್ಗೆ ಆಕೆ ಉತ್ತರ ಕಳಿಸುತ್ತಿದ್ದಳು, ನಾನು ಸರಿ ಎನ್ನುತ್ತಿದ್ದೆ. ಆ ವಾರ ಆ ಮಾತು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಭಾನುವಾರ ಪರೀಕ್ಷೆ. ಶನಿವಾರ ಬೆಳಿಗ್ಗೆ ಲೆಕ್ಕ ಹಾಕದೆ ನೇರವಾಗಿ ಫೋನು ಮಾಡಿದೆ. ಆರು ವರ್ಷದಲ್ಲಿ ಮೊದಲ ಸಲ.

“ಸರ್?” ಎಂದಳು. ಗಾಬರಿಯಾಗಿತ್ತು ದನಿ. “ಏನಾಯ್ತು ಸರ್, ಲೆಕ್ಕ ಬರ್ಲಿಲ್ಲ?”

“ನೋಡಮ್ಮ, ಆವತ್ತು ತೊಲೆಯ ಲೆಕ್ಕದಲ್ಲಿ ನೀವು ಮಾಡಿದ್ದೇ ಸರಿ. ನಾನು ತಪ್ಪು. ಪುಸ್ತಕದಲ್ಲಿ ತಿದ್ದಿದ್ದನ್ನ ಹೊಡೆದುಹಾಕಿ.”

“ತಿದ್ದಿಲ್ಲ ಸರ್. ಆವತ್ತೇ ಎರಡು ಸಲ ಮಾಡಿ ನೋಡಿದ್ದೆ. ಹಾಗೇ ಬಿಟ್ಟಿದೀನಿ.”

“ಮತ್ತೆ ತಿದ್ದಿಕೊಂಡೆ ಅಂದ್ರಲ್ಲ?”

“ನೀವು ಬೇಜಾರು ಮಾಡ್ಕೊಂಡು ಲೆಕ್ಕ ಹಾಕೋದು ನಿಲ್ಲಿಸಿಬಿಟ್ರೆ ಅಂತ ಭಯ ಆಯ್ತು ಸರ್. ಅಡಿಗೆಮನೆಗೆ ಹೋಗೋಕೆ ಮುಂಚೆ ಅದೊಂದು ಅರ್ಧ ಗಂಟೆ ನನ್ದು. ಆಮೇಲೆ ನಾನೇನು ಓದಿದೀನಿ ಅಂತ ಯಾರೂ ಕೇಳಲ್ಲ.”

ಒಂದು ವಾರದಿಂದ ನಾನು ಗುಟ್ಟು ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದರೆ, ಗುಟ್ಟು ಇದ್ದದ್ದು ಆಕೆಯ ಹತ್ತಿರ. ನನ್ನ ಇನ್ನೊಂದು ಗುಟ್ಟೂ ಬಾಯಿಂದ ಹೊರಬಿತ್ತು. “ನಾನು ಈ ಪರೀಕ್ಷೆ ಪಾಸಾದೋನಲ್ಲಮ್ಮ. ನಾಲ್ಕು ಸಲ ಫೇಲು. ಈಗ ವಯಸ್ಸೂ ಮುಗಿದಿದೆ.”

ಆಕೆಯ ಹಿಂದೆಲ್ಲೋ ಪಾತ್ರೆಯ ಸದ್ದು, ಯಾರೋ ಹಿರಿಯ ಹೆಂಗಸು ಕರೆಯುತ್ತಿದ್ದರು. “ಹಾಲು ಉಕ್ಕುತ್ತಿದೆ ಸರ್” ಎಂದಳು. ಇಡುವ ಮುಂಚೆ ಅವಸರದಲ್ಲಿ, “ನಾಳೆ ಲೆಕ್ಕ ಬೇಗ ಹಾಕಿ, ಆರೂವರೆ ಬಸ್ಸಿಗೆ ಹೋಗ್ಬೇಕು” ಎಂದಳು.

ಪರೀಕ್ಷೆಯಾಯಿತು. ಫಲಿತಾಂಶಕ್ಕೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು ಎಂದರೆ ಅಕ್ಕ ನಕ್ಕಾಳು. ಆಕೆ ಈಗ ನನ್ನ ತಪ್ಪುಗಳನ್ನು ಮುಖದ ಮೇಲೆ ಹೇಳುತ್ತಿದ್ದಳು. ಸರ್, ಮೂರನೇ ಸಾಲು ನೋಡಿ. ಸರ್, ಚಿತ್ರದಲ್ಲಿ ಒಂದು ಕಂಬ ಬಿಟ್ಟಿದ್ದೀರಿ. ತಪ್ಪು ಸಿಕ್ಕ ದಿನ ನನಗೆ ಖುಷಿಯೇ ಆಗುತ್ತಿತ್ತು, ಒಬ್ಬರು ನನ್ನ ಹಾಳೆಯನ್ನು ಅಷ್ಟು ಹೊತ್ತು ಕಣ್ಣಿಟ್ಟು ನೋಡಿದ್ದಾರಲ್ಲ ಎಂದು.

ಪಾಸಾದಳು. ದೂರದ ಜಿಲ್ಲೆಯೊಂದರಲ್ಲಿ ಸೇತುವೆಗಳ ವಿಭಾಗಕ್ಕೆ ಹಾಕಿದರು. ಗಂಡನೂ ಜೊತೆಗೆ ಹೋದ ಎಂದು ಬರೆದಿದ್ದಳು. ನಾನು ಅಭಿನಂದನೆ ಹೇಳಿ, ಆಕೆ ಗುಂಪು ಬಿಡುವುದನ್ನು ಕಾದೆ. ಬಿಡಲಿಲ್ಲ. ಮರುದಿನವೂ ಐದೂ ಐವತ್ತಕ್ಕೆ ಉತ್ತರ ಬಂತು, ಅದರ ಮರುದಿನವೂ. ಯಾಕೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿದರೆ ನಿಲ್ಲಿಸಿಯಾಳು.

ಎರಡು ತಿಂಗಳ ಮೇಲೆ ಒಂದು ದಿನ ನಿದ್ದೆಗಣ್ಣಿನಲ್ಲಿ ನಾನು ಒಂದು ಕಂಬಿಯ ಲೆಕ್ಕ ಹಾಕಿ, ಆಕೆಯ ಉತ್ತರ ಬಂದ ಮೇಲೆ ನನ್ನದನ್ನೂ ಹಾಕಿದೆ. ಹನ್ನೆರಡು ಎಂದು ಬರೆಯಬೇಕಾದಲ್ಲಿ ಇಪ್ಪತ್ತೊಂದು ಬರೆದಿದ್ದೆ. ಕುರುಡನಿಗೂ ಕಾಣುವ ತಪ್ಪು. ಆಕೆ ಬರೆದದ್ದು ಹನ್ನೆರಡೇ. ಆದರೂ ನನ್ನ ಉತ್ತರದ ಕೆಳಗೆ ‘ಓಕೆ ಸರ್’ ಎಂದಿತ್ತು.

ಸೈಟಿಗೆ ಹೋಗುವ ದಾರಿಯಲ್ಲಿ ಅದು ಹೊಳೆದು ಬೈಕು ನಿಲ್ಲಿಸಿದೆ. ನೋಡದೆ ಓಕೆ ಎಂದಳೋ, ನೋಡಿಯೂ ಎಂದಳೋ. ಎರಡರಲ್ಲಿ ಯಾವುದಾದರೂ ಅರ್ಥ ಒಂದೇ. ಆಕೆಗೆ ಆ ಅರ್ಧ ಗಂಟೆ ಈಗ ಬೇಕಿರಲಿಲ್ಲ. ನನಗೆ ಬೇಕೆಂದು ಕೊಡುತ್ತಿದ್ದಳು.

ಫೋನು ತೆಗೆದು ಆಕೆಯ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದೆ. ಗುಂಪಿನಿಂದ ತೆಗೆದುಹಾಕಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ಆಕೆ ಫೋನು ಮಾಡಿ ಯಾಕೆ ಸರ್ ಹೀಗೆ ಮಾಡಿದಿರಿ ಎಂದು ಬೈದಾಳೆಂದು ಎರಡು ದಿನ ಕಾದೆ. ಮಾಡಲಿಲ್ಲ.